ಛಾಯೆಯ ಮಗ

ಹೋದ ವರ್ಷ ಯುಗಾದಿ ರಜೆಗೆ ಬಂದ ಮಗಳು ಅಂಗಡಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, "ಅಪ್ಪ, ನಿನ್ನ ಮಾರಿಯೋ ತಂದಿದೀನಿ, ಆಡು" ಅಂದಳು. ನಾನು ಆಗ ಕೊಡಿಗೇನಹಳ್ಳಿ ಕಡೆಯವರೊಬ್ಬರ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದೆ. ಮೋಟಾರನ್ನು ಪಕ್ಕಕ್ಕೆ ಸರಿಸಿ ಕೈ ಒರೆಸಿಕೊಂಡೆ. ಆ ಆಟ ಮುಟ್ಟಿ ಇಪ್ಪತ್ತೈದು ವರ್ಷದ ಮೇಲಾಗಿತ್ತು, ಆದರೂ ಹೆಬ್ಬೆರಳಿಗೆ ಎಲ್ಲ ಗೊತ್ತಿತ್ತು. ಮೊದಲ ಹೊಂಡ ಬಂತು. ಹಾರಿದೆ, ಒಳಗೆ ಬಿದ್ದೆ. ಇನ್ನೊಂದು ಸಲ ಹಾರಿದೆ, ಮತ್ತೆ ಬಿದ್ದೆ. ಬಣ್ಣ ಅದೇ, ರಾಗ ಅದೇ, ಇಟ್ಟಿಗೆಗೆ ತಲೆ ಬಡಿದಾಗಿನ ಸದ್ದೂ ಅದೇ. ಆದರೆ ಯಾರೋ ಬೆನ್ನ ಹಿಂದೆ ನಿಂತು ನೂಕುತ್ತಿದ್ದ ಹಾಗಿತ್ತು.

"ಇದು ಅದಲ್ಲ ಕಣಮ್ಮ" ಅಂದೆ.

"ಅದೇ ಅಪ್ಪ. ಅಟ್ಟದ ಮೇಲಿದ್ದ ನಿನ್ನ ಗೇಮ್ ಕ್ಯಾಸೆಟ್ಟಿನಿಂದಲೇ ಓದಿಸಿಕೊಂಡು ಬಂದಿದೀನಿ. ಒಂದು ಬೈಟ್ ಆಚೀಚೆ ಆಗಿಲ್ಲ."

ಅವಳು ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಗೆಳತಿಯೊಬ್ಬಳ ಹತ್ತಿರ ಹಳೆಯ ಕ್ಯಾಸೆಟ್ ಓದುವ ಬೋರ್ಡ್ ಇತ್ತಂತೆ. ಅವಳು ಹೇಳಿದ್ದು ಸುಳ್ಳಲ್ಲ, ನಾನು ಹೇಳಿದ್ದೂ ಸುಳ್ಳಲ್ಲ. ‘ಅದೇ’ ಮತ್ತು ‘ಅದಲ್ಲ’ ಎರಡೂ ಒಂದೇ ಮೇಜಿನ ಮೇಲೆ ಕೂತಿದ್ದವು. ಇದು ನನ್ನನ್ನು ಅಷ್ಟು ದಿನ ಬಿಡದೆ ಕಾಡೀತೆಂದು ಆ ಹೊತ್ತಿಗೆ ತಿಳಿದಿರಲಿಲ್ಲ.

ಕಾರಣ ಸಿಕ್ಕಿದ್ದು ರಾತ್ರಿ ಊಟದ ಹೊತ್ತಿಗೆ. ಜಪಾನಿನಲ್ಲೂ ಅಮೆರಿಕದಲ್ಲೂ ಹಳೆಯ ಟಿವಿ ಸೆಕೆಂಡಿಗೆ 60 ಸಲ ಪರದೆ ಬರೆಯುತ್ತಿತ್ತು. ನಮ್ಮ ದೇಶದ್ದು ಪಾಲ್ ಪದ್ಧತಿ, ಸೆಕೆಂಡಿಗೆ 50. ಮಾರಿಯೋ ಪರದೆ ಬರೆದಷ್ಟು ಸಲ ಹೆಜ್ಜೆ ಇಡುವವನು. ಹಾಗಾಗಿ ಜಪಾನಿನ ಕ್ಯೋಟೋದಲ್ಲಿ ಒಂದು ಸೆಕೆಂಡ್ ಹಿಡಿದ ಓಟ ಮಧುಗಿರಿಯ ನಮ್ಮ ಮನೆಯಲ್ಲಿ ಒಂದೂ ಕಾಲಿಗೆ ಸ್ವಲ್ಪ ಕಡಿಮೆ, ಲೆಕ್ಕ ಹಾಕಿದರೆ 1.2 ಸೆಕೆಂಡ್ ಹಿಡಿಯುತ್ತಿತ್ತು. ನನ್ನ ಹೆಬ್ಬೆರಳು ಕಲಿತದ್ದು ಆ ನಿಧಾನವನ್ನು. ಮಗಳು ತಂದದ್ದು 60ರ ಓಟ.

ಹಳೆಯ ಯಂತ್ರದ ಹಾಗೆ ನಡೆದುಕೊಳ್ಳುವ ಲ್ಯಾಪ್‌ಟಾಪಿನ ತಂತ್ರಾಂಶಕ್ಕೆ ಎಮ್ಯುಲೇಟರ್ ಎನ್ನುತ್ತಾರೆ, ಮಗಳು ಅದರ ಪಟ್ಟಿ ತೆರೆದು ನೋಡಿದಳು. ಅಲ್ಲಿ 60ರ ಎನ್‌ಟಿಎಸ್‌ಸಿ, 50ರ ಪಾಲ್ ಅಲ್ಲದೆ ‘ಡೆಂಡಿ’ ಅನ್ನುವ ಮೂರನೆಯ ಹೆಸರಿತ್ತು. ಏನದು ಎಂದು ಹುಡುಕಿದಾಗ ಗೊತ್ತಾದ ಸಂಗತಿ ನನ್ನನ್ನು ಅಟ್ಟ ಹತ್ತಿಸಿತು. ಕೆನೆ ಬಣ್ಣಕ್ಕೆ ಕೆಂಪು ಅಂಚಿನ ನನ್ನ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ ಇಳಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಟಾರ್ಚ್ ಹಾಕಿ ನೋಡಿದೆ. ಎರಡು ಉದ್ದನೆಯ ಐಸಿ. ಒಂದರ ಬೆನ್ನ ಮೇಲೆ ಯುಎ6527ಪಿ, ಇನ್ನೊಂದರ ಮೇಲೆ ಯುಎ6538. ಎರಡೂ ತೈವಾನಿನ ಯುಎಂಸಿ ಕಂಪನಿಯವು. 1992ರ ಕೊನೆಯಲ್ಲಿ ಮಾಸ್ಕೋದ ವ್ಯಾಪಾರಿಗಳು ಇದೇ ಬಗೆಯ ಚಿಪ್‌ಗಳ ಪೆಟ್ಟಿಗೆಗೆ ಡೆಂಡಿ ಅಂತ ಹೆಸರಿಟ್ಟು ಮಾರಿದ್ದರು, ಎಮ್ಯುಲೇಟರ್ ಬರೆದವರು ಆ ಹೆಸರನ್ನೇ ಉಳಿಸಿಕೊಂಡಿದ್ದಾರೆ. ಆ ಕ್ರಮದಲ್ಲಿ ಪರದೆ 50 ಸಲವೇ ಬರುತ್ತದೆ, ಆದರೆ ಮುಖ್ಯ ಚಿಪ್ ಒಂದು ಹೆಜ್ಜೆ ಇಡುವಷ್ಟರಲ್ಲಿ ಚಿತ್ರ ಬರೆಯುವ ಚಿಪ್ ಜಪಾನಿನ ಮೂಲದಲ್ಲಿದ್ದಂತೆ ಮೂರೇ ಚುಕ್ಕೆ ಇಡುತ್ತದೆ. ಅದಕ್ಕೇ ರಾಗದ ಸ್ಥಾಯಿ ಹೆಚ್ಚೇನೂ ಇಳಿಯದೆ ನಡಿಗೆ ಮಾತ್ರ ತಗ್ಗುತ್ತದೆ.

ಮಗಳು ಡೆಂಡಿ ಒತ್ತಿದಳು. ನಾನು ಹಾರಿದೆ. ದಾಟಿದೆ.

ನನ್ನ ಪೆಟ್ಟಿಗೆಯ ಹುಟ್ಟಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಿಂಟೆಂಡೊ ಕಂಪನಿ ಜಪಾನಿನಲ್ಲಿ ಫ್ಯಾಮಿಕಾಂ ಬಿಟ್ಟದ್ದು 1983ರ ಜುಲೈ 15ರಂದು. ಅದನ್ನು ಬಿಚ್ಚಿ ನೋಡಿ, ಹಾಗೇ ನಡೆಯುವ ಚಿಪ್ ಮಾಡಿದವರು ತೈವಾನಿನವರು. ಆ ಚಿಪ್ ಹಾಕಿದ, ಹೆಸರೇ ಇಲ್ಲದ ಪೆಟ್ಟಿಗೆಯನ್ನು 1996ರ ಬೇಸಿಗೆಯಲ್ಲಿ ನಮ್ಮ ಸೋದರಮಾವ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದುಕೊಟ್ಟರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಿಂದಲೂ ನನ್ನ ಅಂಗಡಿಗೆ ರಿಪೇರಿ ಬರುತ್ತದೆ. ವಿಡಿಯೋ ಗೇಮ್ ಅಂತ ಬಂದದ್ದೆಲ್ಲ ಇಂಥವೇ. ನಿಂಟೆಂಡೊ ಮುದ್ರೆಯ ಅಸಲಿ ಯಂತ್ರವನ್ನು ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಕೈಯಲ್ಲಿ ಹಿಡಿದಿಲ್ಲ. ಕಂಪ್ಯೂಟರಿನಲ್ಲಿ ಆಡುವುದು ನಕಲು, ಯಂತ್ರದಲ್ಲಿ ಆಡುವುದೇ ಅಸಲು ಎಂದು ಜಗತ್ತಿನಲ್ಲಿ ವಾದಿಸುವವರಿದ್ದಾರೆ. ಅವರ ಮಾತು ನಮ್ಮ ಸೀಮೆಗೆ ಬಂದು ತಡವರಿಸುತ್ತದೆ. ಇಲ್ಲಿ ನಾವು ಅಸಲು ಎಂದು ಎದೆಗೊತ್ತಿಕೊಂಡದ್ದೇ ನಕಲು. ಆ ನಕಲಿನ ನಡಿಗೆಯನ್ನು ಲ್ಯಾಪ್‌ಟಾಪ್ ನಕಲು ಮಾಡಿದಾಗಲೇ ನನಗೆ ನನ್ನ ಬಾಲ್ಯ ಸಿಕ್ಕಿದ್ದು.

ಹಾಗಾದರೆ ಯಾವುದನ್ನು ಮೂಲ ಎನ್ನಬೇಕು? ನಾನು ಅರ್ಚಕರ ಮನೆಯಲ್ಲಿ ಹುಟ್ಟಿದವನು. ಈ ಪ್ರಶ್ನೆ ನನಗೆ ಪೆಟ್ಟಿಗೆಯಿಂದ ಮೊದಲು ಬಂದದ್ದಲ್ಲ.

ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯ ಈಶ್ವರನ ಗುಡಿಗೆ ನಮ್ಮ ತಂದೆ ಪೂಜೆ ಮಾಡುತ್ತಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಗರ್ಭಗುಡಿಯ ಚಾವಣಿ ಸೋರಿ ಕಲ್ಲು ಜರುಗಿತು, ಜೀರ್ಣೋದ್ಧಾರಕ್ಕೆ ಊರವರು ಕೈ ಹಾಕಿದರು. ಗುಡಿ ಬಿಚ್ಚುವ ಮುನ್ನ ಕಲಾಕರ್ಷಣೆ ಆಗಬೇಕು. ದಾರ ಸುತ್ತಿದ ತಾಮ್ರದ ಕುಂಭ, ನೀರು, ಮಾವಿನೆಲೆ, ತೆಂಗಿನಕಾಯಿ, ದರ್ಭೆಯ ಕೂರ್ಚ. ಅಪ್ಪ ಲಿಂಗದಲ್ಲಿದ್ದ ಸಾನ್ನಿಧ್ಯವನ್ನು ಮಂತ್ರದಿಂದ ಕುಂಭದ ನೀರಿಗೆ ಇಳಿಸಿದರು. ಕುಂಭವನ್ನು ಹೊತ್ತು ತಗಡಿನ ಚಪ್ಪರಕ್ಕೆ ತಂದರು, ಅದಕ್ಕೆ ಬಾಲಾಲಯ ಎಂದು ಹೆಸರು. ನೀರಿನಿಂದ ಅತ್ತಿಮರದ ಹಲಗೆಯ ಮೇಲೆ ಬರೆದ ಚಿತ್ರಕ್ಕೆ ಆವಾಹನೆ ಮಾಡಿದರು. ಬರೆದ ಚಿತ್ರಕ್ಕೆ ನೀರು ಹಾಕಿದರೆ ಬಣ್ಣ ಕದಡುತ್ತದೆ. ಅದಕ್ಕೆ ಎದುರಿಗೆ ಒಂದು ಕನ್ನಡಿ ಇಟ್ಟು, ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬಕ್ಕೆ ದಿನಾ ಅಭಿಷೇಕ. ಕಲ್ಲಿನಿಂದ ನೀರು, ನೀರಿನಿಂದ ಹಲಗೆ, ಹಲಗೆಯಿಂದ ಕನ್ನಡಿ. ಗುಡಿಯ ಕೆಲಸ ಮುಗಿಯಲು ಹನ್ನೊಂದು ತಿಂಗಳು ಹಿಡಿಯಿತು. ಅಷ್ಟು ದಿನವೂ ಊರವರು ಮದುವೆಯ ಕಾಗದ ಇಟ್ಟದ್ದು, ಹೊಸ ಬೋರಿನ ನೀರು ತಂದು ಸುರಿದದ್ದು, ಮಗುವಿಗೆ ಹೆಸರಿಟ್ಟದ್ದು ಕನ್ನಡಿಯ ಮುಂದೆ. ನಕಲಿನ ಮುಂದೆ ನಿಂತಿದ್ದೇವೆ ಎಂದು ಯಾರಿಗೂ ಅನಿಸಲಿಲ್ಲ.

ಅತ್ತ ಗುಡಿಯೊಳಗೆ ಗಾರೆಯವರು ಓಡಾಡುತ್ತಿದ್ದರು. ಲಿಂಗದ ಪಕ್ಕದಲ್ಲೇ ಬಾಣಲಿ ಇಡುತ್ತಿದ್ದರು. ನನಗೆ ಸಂಕಟವಾಗಿ ಅಪ್ಪನನ್ನು ಕೇಳಿದೆ. "ಈಗ ಅದು ಕಲ್ಲು ಕಣೋ" ಅಂದರು. ಆ ಮಾತು ಶಾಸ್ತ್ರಕ್ಕೆ ಸರಿ. ಆದರೆ ಸಾಯಂಕಾಲ ಗಾರೆಯವರು ಹೋದ ಮೇಲೆ ಅಪ್ಪ ಒಳಗೆ ಹೋಗಿ, ಕಲ್ಲಿನ ಮೇಲೆ ಕೂತ ಸುಣ್ಣದ ಪುಡಿ ಒರೆಸಿ, ತಮ್ಮ ಹಳೆಯ ಪಂಚೆಯ ತುಂಡು ಹೊದಿಸಿ ಬರುತ್ತಿದ್ದರು. ದಿನಾ. ನಾನು ಅದನ್ನು ನೋಡಿದ್ದು ಅವರಿಗೆ ಗೊತ್ತಿರಲಿಲ್ಲ.

ಕನ್ನಡಿಯ ಪ್ರತಿಬಿಂಬಕ್ಕೂ ಮುಖಕ್ಕೂ ಇರುವ ನಂಟು ವೇದಾಂತದಲ್ಲಿ ಸಣ್ಣ ವಿಷಯವಲ್ಲ. ದೊಡ್ಡಪ್ಪ ನನಗೆ ರಜೆಯಲ್ಲಿ ಪಾಠ ಹೇಳುವಾಗ ಇದನ್ನು ಎಷ್ಟೋ ದಿನ ಎಳೆದಿದ್ದರು. ಪದ್ಮಪಾದರ ಪಂಚಪಾದಿಕೆಗೆ ಪ್ರಕಾಶಾತ್ಮರು ಬರೆದ ವಿವರಣದ ಪ್ರಕಾರ ಕನ್ನಡಿಯೊಳಗಿನ ಮುಖ ಬೇರೆ ವಸ್ತುವೇ ಅಲ್ಲ. ಕತ್ತಿನ ಮೇಲಿರುವ ಮುಖವೇ ಅಲ್ಲಿ ಕಾಣುತ್ತಿರುವುದು, ಅದು ಅಲ್ಲಿದೆ ಎಂಬುದಷ್ಟೇ ತಪ್ಪು. ವಿದ್ಯಾರಣ್ಯರ ಪಂಚದಶಿ ಇದನ್ನು ಒಪ್ಪುವುದಿಲ್ಲ. ಅವರಿಗೆ ಪ್ರತಿಬಿಂಬ ಬರೀ ಆಭಾಸ, ತೋರಿಕೆ, ಮುಖ ಮಾತ್ರ ದಿಟ. ಇಬ್ಬರೂ ಅದ್ವೈತಿಗಳೇ. ನನ್ನ ಮಗಳು ‘ಅದೇ’ ಅಂದದ್ದು ವಿವರಣದ ಮಾತು, ನಾನು ‘ಅದಲ್ಲ’ ಅಂದದ್ದು ಪಂಚದಶಿಯ ಕಡೆಯದು.

ಮೂರನೆಯದೊಂದು ಇದೆ. ಹೈಸ್ಕೂಲಿನಲ್ಲಿ ನಮಗೆ ಸಂಸ್ಕೃತ ಹೇಳುತ್ತಿದ್ದ ಮೇಷ್ಟ್ರು ಮಾಧ್ವರು. ಮಧ್ವಾಚಾರ್ಯರಿಗೆ ಪ್ರತಿಬಿಂಬ ಎಂದರೆ ಸುಳ್ಳೂ ಅಲ್ಲ, ಬಿಂಬವೇ ಅದೂ ಅಲ್ಲ. ಬಿಂಬದಿಂದ ಬೇರೆಯಾಗಿದ್ದು, ಅದರ ಹೋಲಿಕೆ ಪಡೆದು, ಅದರ ಅಧೀನದಲ್ಲೇ ಇರುವ ನಿಜವಾದ ಇನ್ನೊಂದು ವಸ್ತು. ಜೀವ ಹರಿಯ ಪ್ರತಿಬಿಂಬ ಎಂದು ಅವರು ಹೇಳುವಾಗ ಜೀವನನ್ನು ಮಾಯೆ ಎಂದು ತಳ್ಳುವುದಿಲ್ಲ. ನಾನು ಸ್ಮಾರ್ತರ ಮನೆಯವನು. ಆದರೂ ಇಷ್ಟು ವರ್ಷ ಬೋರ್ಡುಗಳ ಮೇಲೆ ಬೆಸುಗೆ ಹಾಕಿದ ಕೈ ಈ ವಿಷಯದಲ್ಲಿ ಮಧ್ವರ ಕಡೆಗೇ ವಾಲುತ್ತದೆ.

ಎಮ್ಯುಲೇಟರ್ ಮಾಡುವ ಕೆಲಸ ನೋಡಿ. ಮೂಲ ಯಂತ್ರಕ್ಕೆ ಕೆಲಸದ ನೆನಪಿನ ಜಾಗ ಇದ್ದದ್ದು 2 ಕಿಲೋಬೈಟ್. ಲ್ಯಾಪ್‌ಟಾಪಿನಲ್ಲಿ ಅದರ ಲಕ್ಷಗಟ್ಟಲೆ ಪಟ್ಟು ಇದ್ದರೂ ಎಮ್ಯುಲೇಟರ್ ಎರಡೇ ಕಿಲೋಬೈಟಿನ ಅಂಗಳ ಗೀಚಿ ಅದರೊಳಗೇ ಓಡಾಡುತ್ತದೆ. ಆಟದಲ್ಲಿ ಬರೆದ ಒಂದೊಂದು ಆಜ್ಞೆಯನ್ನೂ ಓದುತ್ತದೆ. ಆ ಹಳೆಯ ಚಿಪ್ ಇದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು, ಎರಡು ಗಡಿಯಾರದ ಬಡಿತವೋ ಏಳೋ ಎಂದು ಎಣಿಸಿ ಅಷ್ಟು ಹೊತ್ತು ಕಾಯುತ್ತದೆ. ಮೂಲ ಎಲ್ಲಿ ಎಡವುತ್ತಿತ್ತೋ ಅಲ್ಲಿ ತಾನೂ ಎಡವುತ್ತದೆ. ಒಂದೇ ಗೆರೆಯ ಮೇಲೆ ಎಂಟಕ್ಕಿಂತ ಹೆಚ್ಚು ಬೊಂಬೆಗಳು ಬಂದರೆ ಆ ಚಿಪ್‌ಗೆ ಬರೆಯಲಾಗದು, ಅದಕ್ಕೇ ಕಾಂಟ್ರಾ ಎಂಬ ಆಟದಲ್ಲಿ ಗುಂಡುಗಳು ಮಿಣುಕುತ್ತಿದ್ದವು. ಆ ಮಿಣುಕನ್ನು ಅಳಿಸಿಹಾಕುವ ಗುಂಡಿಯೂ ಕೆಲವು ಎಮ್ಯುಲೇಟರಿನಲ್ಲಿದೆ. ಮಗಳು ಒತ್ತಲು ಹೋದಾಗ ಬೇಡ ಅಂದೆ. ಮಾಡಿಸಿದ ವಿಗ್ರಹ ಭಿನ್ನವಾದರೆ ಪೂಜೆಗೆ ಬರುವುದಿಲ್ಲ, ಆದರೆ ಸ್ವಯಂಭೂ ಲಿಂಗದಲ್ಲಿ ಸೀಳು ಇದ್ದರೆ ಅದು ದೋಷವಲ್ಲ, ಅದು ದೇವರ ರೂಪ. ಆ ಮಿಣುಕು ಅಂಥದ್ದು.

ಇಂಥ ಎಚ್ಚರಕ್ಕೆ ಜೀವ ತೇದವರಿದ್ದಾರೆ. ಬೈಯು ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರೊಬ್ಬರು 2004ರಿಂದ ಸೂಪರ್ ನಿಂಟೆಂಡೊ ಎಂಬ ಯಂತ್ರಕ್ಕೆ ಬಿಎಸ್‌ನೆಸ್ ಎಂಬ ಎಮ್ಯುಲೇಟರ್ ಕಟ್ಟುತ್ತ ಬಂದರು. ಹಳೆಯ ಯಂತ್ರ ಕ್ಷಣ ಕ್ಷಣಕ್ಕೆ ಏನು ಮಾಡುತ್ತಿತ್ತೋ ಅದನ್ನೇ ಮಾಡಬೇಕಾದರೆ 3 ಗಿಗಾಹರ್ಟ್ಸ್ ಕಂಪ್ಯೂಟರ್ ಬೇಕು ಎಂದು 2011ರಲ್ಲಿ ವಾದಿಸಿದರು. ಇಷ್ಟು ಸಣ್ಣ ಯಂತ್ರಕ್ಕೆ ಅಷ್ಟು ದೊಡ್ಡದೇಕೆ ಎಂದು ಕೇಳಿದವರಿಗೆ ಅವರು ತೋರಿಸಿದ ಉದಾಹರಣೆಗಳಲ್ಲಿ ಏರ್ ಸ್ಟ್ರೈಕ್ ಪಟ್ರೋಲ್ ಎಂಬ ವಿಮಾನದ ಆಟ ಒಂದು. ಅದರಲ್ಲಿ ವಿಮಾನದ ನೆರಳನ್ನು ಟಿವಿ ಒಂದು ಗೆರೆ ಬರೆಯುತ್ತಿರುವಾಗಲೇ, ಗೆರೆಯ ನಡುವೆ ಕೈ ಹಾಕಿ ಮೂಡಿಸುತ್ತಾರೆ. ಗೆರೆಯನ್ನು ಇಡಿಯಾಗಿ ಒಂದೇ ಸಲ ಬರೆದುಬಿಡುವ ಅವಸರದ ಎಮ್ಯುಲೇಟರಿನಲ್ಲಿ ವಿಮಾನವಿತ್ತು, ಕೆಳಗೆ ಮರಳು ಇತ್ತು, ನೆರಳು ಇರಲಿಲ್ಲ. ಎಲ್ಲವನ್ನೂ ಹೋಲುವ ಪ್ರತಿಬಿಂಬ ನೆರಳಿನಲ್ಲಿ ಸಿಕ್ಕಿಬಿತ್ತು. ಬೈಯು 2021ರಲ್ಲಿ ತೀರಿಕೊಂಡರು. ಅವರ ಮುಖ ನಾನು ಕಂಡವನಲ್ಲ. ಆದರೆ ಕಾಣದ ನೆರಳೊಂದಕ್ಕಾಗಿ ವರ್ಷಗಟ್ಟಲೆ ಕೂತವರ ನಿಷ್ಠೆ ನನಗೆ ಅಪ್ಪನ ಪಂಚೆಯ ತುಂಡನ್ನು ನೆನಪಿಸುತ್ತದೆ.

ನೆರಳಿಗಿಂತ ಗಟ್ಟಿಯಾದ ತೊಡಕು ನನಗೆ ಎದುರಾದದ್ದು ಬಂದೂಕಿನಲ್ಲಿ. ಪೆಟ್ಟಿಗೆಯ ಜೊತೆ ಪ್ಲಾಸ್ಟಿಕ್ ಗನ್ ಬರುತ್ತಿತ್ತು, ಬಾತುಕೋಳಿ ಹೊಡೆಯುವ ಆಟಕ್ಕೆ. ಮಗಳು ಅದನ್ನು ಹೊಸ ಎಲ್‌ಇಡಿ ಟಿವಿಗೆ ಹಿಡಿದು ಹೊಡೆದಳು, ಒಂದೂ ಬೀಳಲಿಲ್ಲ. ಗನ್ ಕೆಟ್ಟಿದೆ ಅಂದಳು. ಗನ್ ಚೆನ್ನಾಗಿಯೇ ಇತ್ತು. ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ನಿನಿಂದ ಏನೂ ಹೊರಗೆ ಹೋಗುವುದಿಲ್ಲ. ಅದರ ಮೂತಿಯಲ್ಲಿ ಒಂದು ಕಣ್ಣಿದೆ, ಆ ಕತ್ತಲೆಯನ್ನೂ ಆ ಬೆಳಕನ್ನೂ ಆಯಾ ಹೊತ್ತಿಗೆ ಸರಿಯಾಗಿ ಕಂಡರೆ ಹೊಡೆತ ಬಿದ್ದಂತೆ. ಪಿಕ್ಚರ್ ಟ್ಯೂಬಿನಲ್ಲಿ ಕಿರಣ ಗೆರೆ ಎಳೆದಾಗ ಹುಟ್ಟುವ ಬೆಳಕಿಗೆ ಕಲಿತ ಕಣ್ಣು ಅದು. ಹೊಸ ಪರದೆ ಚಿತ್ರವನ್ನು ಒಂದಿಷ್ಟು ಹೊತ್ತು ತನ್ನಲ್ಲಿ ಇಟ್ಟುಕೊಂಡು ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಎಮ್ಯುಲೇಟರಿನಲ್ಲಿ ಮೌಸ್ ಒತ್ತಿ ಬಾತುಕೋಳಿ ಬೀಳಿಸಬಹುದು, ಆದರೆ ಅಲ್ಲಿ ಕಣ್ಣು ಬೆಳಕನ್ನು ನೋಡುವುದಿಲ್ಲ. ಗನ್ನಿಗೆ ಪೆಟ್ಟಿಗೆಯೊಂದೇ ಸಾಲದು, ಎದುರಿಗೆ ಟ್ಯೂಬೂ ಬೇಕು. ದರ್ಶನಕ್ಕೆ ಹೋಗುವವರು ನಾವು ದೇವರನ್ನು ನೋಡುವುದಷ್ಟೇ ಅಲ್ಲ, ದೇವರ ಕಣ್ಣು ನಮ್ಮ ಮೇಲೆ ಬೀಳಲಿ ಎಂದೂ ಹೋಗುತ್ತೇವಲ್ಲ, ಅದು ನೆನಪಾಯಿತು.

ಟ್ಯೂಬ್ ಹುಡುಕಿಕೊಂಡು ಶಿರಾಕ್ಕೆ ಹೋದೆ. ಅಲ್ಲಿ ನನ್ನದೇ ಕಸುಬಿನ ಗೆಳೆಯರೊಬ್ಬರು ಹಳೆಯ ಟಿವಿಗಳನ್ನು ಗುಜರಿಗೆ ಹಾಕದೆ ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದಾರೆ. ಚಿಕ್ಕಂದಿನಲ್ಲಿ ಮದರಸಾದಲ್ಲಿ ಕುರಾನಿನ ಎಷ್ಟೋ ಭಾಗ ಬಾಯಿಪಾಠ ಮಾಡಿದವರು. ಮಗಳು ಕ್ಯಾಸೆಟ್ ಓದಿಸಿಕೊಂಡು ಬಂದ ಕತೆ ಹೇಳಿದೆ.

"ಅದ್ರಲ್ಲಿ ಕೇಳೋದೇನಿದೆ ಸ್ವಾಮಿ" ಅಂದರು. "ಮುಸಹಫ್, ಅಂದ್ರೆ ಕುರಾನ್ ಪುಸ್ತಕ, ಹಳೇದಾಗಿ ಹರಿದುಹೋದ್ರೆ ನಾವು ಬಟ್ಟೇಲಿ ಸುತ್ತಿ, ಯಾರೂ ತುಳೀದೇ ಇರೋ ಕಡೆ ಮಣ್ಣು ಮಾಡ್ತೀವಿ. ಕಾಗದಕ್ಕೆ ಮರ್ಯಾದೆ ಕೊಡ್ಬೇಕು. ಆದ್ರೆ ಮಾತು ಮಣ್ಣಿಗೆ ಹೋಗಲ್ಲ. ಅದು ಎದೇಲಿದೆ. ನಾನು ಓದಿದ್ರೂ ಅದೇ, ಮಕ್ಕಾದಲ್ಲಿ ಓದಿದ್ರೂ ಅದೇ."

"ಹಾಗಾದ್ರೆ ಈ ಟ್ಯೂಬೆಲ್ಲ ಯಾಕ್ ಇಟ್ಟಿದೀರ ಭಾಯ್?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಣ್ಣು ಮಾಡೋ ಹೊತ್ತು ಇನ್ನೂ ಬಂದಿಲ್ಲ" ಅಂದರು.

ಮಾತು ಮತ್ತು ಕಾಗದ. ವೇದವನ್ನು ಓಲೆಯಲ್ಲಲ್ಲ, ಬಾಯಿಂದ ಬಾಯಿಗೆ ದಾಟಿಸಿದ ಮನೆಯವನಾದ ನನಗೆ ಇದು ಹೊಸದಲ್ಲ. ಆದರೆ ಅದನ್ನು ನನಗೆ ಮತ್ತೆ ಎದುರಿಗಿಟ್ಟವರು ಅವರು. ಆಟದ ಬೈಟುಗಳು ಮಾತಿದ್ದ ಹಾಗೆ, ಎಲ್ಲಿ ಪಠಿಸಿದರೂ ಪೂರ್ತಿ. ಪೆಟ್ಟಿಗೆ, ಟ್ಯೂಬು, ಗನ್ನು ಕಾಗದದ ಹಾಗೆ, ಒಂದು ದಿನ ಹೋಗುವಂಥವು, ಹೋಗುವ ತನಕ ಮರ್ಯಾದೆ ಬೇಡುವಂಥವು.

ಶಿರಾ ಊರೇ ಈ ವಿಷಯದಲ್ಲಿ ಒಂದು ಪಾಠ. ಮೊಗಲರ ಸುಬೆಯ ರಾಜಧಾನಿಯಾಗಿದ್ದ ಕಾಲದಲ್ಲಿ ದಿಲಾವರ್ ಖಾನ್ ಅಲ್ಲೊಂದು ಅರಮನೆ ಕಟ್ಟಿಸಿದ. ಅದರ ಸೊಗಸು ಕಂಡು ಹೈದರ್ ಮತ್ತು ಟಿಪ್ಪು ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಅದನ್ನೇ ಮಾದರಿ ಮಾಡಿಕೊಂಡರೆಂದು ಹಳೆಯ ಗೆಜೆಟಿಯರ್ ಬರೆದಿದೆ. ಲಾಲ್‌ಬಾಗಿನ ಆಲೋಚನೆ ಹೈದರನಿಗೆ ಹುಟ್ಟಿದ್ದೂ ಶಿರಾದ ಖಾನ್‌ಬಾಗ್ ನೋಡಿಯೇ ಇರಬೇಕೆಂದು ಅದೇ ಗೆಜೆಟಿಯರಿನ ಮಾತು. ಇಂದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಜನ ಮುಗಿಬೀಳುತ್ತಾರೆ. ದಿಲಾವರ್ ಖಾನನ ಅರಮನೆಯ ಹೆಸರು ಶಿರಾದವರಲ್ಲೇ ಎಷ್ಟು ಜನಕ್ಕೆ ಗೊತ್ತು? ಮೂಲ ಮರೆತುಹೋಗಿ ಪ್ರತಿಬಿಂಬ ಹೂ ಬಿಡುತ್ತಿದೆ. ಲಾಲ್‌ಬಾಗನ್ನು ಯಾರಾದರೂ ನಕಲಿ ತೋಟ ಎಂದು ಕರೆದರೆ ನಾನು ಒಪ್ಪುವುದಿಲ್ಲ. ಹಾಗೆಂದು ಶಿರಾದ ಋಣ ಅದರ ಮೇಲಿಲ್ಲ ಅಂದರೂ ಒಪ್ಪುವುದಿಲ್ಲ. ಮಧ್ವರು ಹೇಳಿದ ಅಧೀನತೆ ಎಂದರೆ ನನಗೆ ಅರ್ಥವಾದದ್ದು ಈ ಋಣ.

ಇಷ್ಟಾದ ಮೇಲೂ ನನ್ನೊಳಗಿನ ‘ಅದಲ್ಲ’ ಪೂರ್ತಿ ಹೋಗಿರಲಿಲ್ಲ. ನಡಿಗೆ ಸರಿಯಾಗಿತ್ತು, ಮಿಣುಕು ಇತ್ತು, ಶಿರಾದಿಂದ ತಂದ 21 ಇಂಚಿನ ಟ್ಯೂಬ್ ಟಿವಿಗೆ ಪೆಟ್ಟಿಗೆ ಸಿಕ್ಕಿಸಿ ಗನ್ನೂ ಹೊಡೆದಾಯಿತು. ಇನ್ನೇನು ಉಳಿಯಿತು ಎಂದು ಹೊಳೆದದ್ದು ಮಗಳು ಕಾಂಟ್ರಾ ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದಾಗ. ಜಲಪಾತದ ಸ್ಟೇಜಿನಲ್ಲಿ ಅವಳು ಬಿದ್ದಳು. ಬಿದ್ದ ಕೂಡಲೇ ಒಂದು ಕೀ ಒತ್ತಿದಳು. ಬೀಳುವ ಮುಂಚಿನ ಬಂಡೆಯ ಮೇಲೆ ಮತ್ತೆ ನಿಂತಿದ್ದಳು, ಕೈಯಲ್ಲಿ ಅದೇ ಬಂದೂಕು, ಅಷ್ಟೇ ಪ್ರಾಣ. ಮತ್ತೆ ಬಿದ್ದಳು, ಮತ್ತೆ ಒತ್ತಿದಳು. ಹತ್ತು ನಿಮಿಷದಲ್ಲಿ ಜಲಪಾತ ದಾಟಿತು. ಯಂತ್ರದ ಆ ಕ್ಷಣದ ಸ್ಥಿತಿಯನ್ನೆಲ್ಲ ಎತ್ತಿಟ್ಟುಕೊಂಡು, ಬೇಕೆಂದಾಗ ಅಲ್ಲಿಗೇ ಮರಳುವ ಸೌಕರ್ಯ ಅದು, ಸೇವ್ ಸ್ಟೇಟ್ ಎನ್ನುತ್ತಾರೆ.

ನನ್ನ ಕಾಲದಲ್ಲಿ ಉಳಿಸುವುದೆಂಬುದೇ ಇರಲಿಲ್ಲ. ಮೂರು ಪ್ರಾಣ, ಮೂರು ಕಂಟಿನ್ಯೂ, ಆಮೇಲೆ ಮೊದಲಿನಿಂದ. ಅದಕ್ಕಿಂತ ದೊಡ್ಡದು ಕರೆಂಟು. ಲೋಡ್ ಶೆಡ್ಡಿಂಗ್ ಯಾವ ಹೊತ್ತಿಗೂ ಬರಬಹುದಿತ್ತು. ಪಾವಗಡದ ನನ್ನ ಅತ್ತೆಯ ಮನೆಗೆ ರಜೆಯಲ್ಲಿ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಿದ್ದೆ. ಅಲ್ಲಿ ಮಧ್ಯಾಹ್ನವಿಡೀ ಕಾದರೂ ಕರೆಂಟು ಬರುತ್ತಿದ್ದದ್ದು ಒಂದೆರಡು ಗಂಟೆ. ನಾನೂ ಅತ್ತೆಯ ಮಗನೂ ಒಮ್ಮೆ ಹಿಮದ ಸ್ಟೇಜ್ ದಾಟಿ ಆರನೆಯದಕ್ಕೆ ಹೋಗಿದ್ದೆವು, ಅದೇ ಮೊದಲು. ಬೀದಿಯ ಹುಡುಗರೆಲ್ಲ ಕಿಟಕಿಗೆ ಮುತ್ತಿ ತೆಲುಗಿನಲ್ಲೂ ಕನ್ನಡದಲ್ಲೂ ಕೂಗುತ್ತಿದ್ದರು. ಪರದೆ ಒಂದು ಚುಕ್ಕೆಯಾಗಿ ಆರಿಹೋಯಿತು. ಯಾರೂ ಮಾತಾಡಲಿಲ್ಲ. ಅತ್ತೆ ಬಂದು ಮಜ್ಜಿಗೆ ಕೊಟ್ಟರು. ಆ ಮಜ್ಜಿಗೆಯ ಉಪ್ಪು ಇವತ್ತಿಗೂ ನಾಲಗೆಯ ಮೇಲಿದೆ. ಇವತ್ತು ಅದೇ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದು, ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಮಾಡಿದ್ದಾರೆ. ಸೂರ್ಯನೇ ಬಂದು ಆ ಊರಿನಲ್ಲಿ ಬಾಡಿಗೆಗೆ ಇದ್ದಾನೆ.

ಪೆಟ್ಟಿಗೆಯಲ್ಲಿದ್ದು ಲ್ಯಾಪ್‌ಟಾಪಿನಲ್ಲಿ ಇಲ್ಲವಾದದ್ದು ಇದೇ, ಆದದ್ದು ಆಗಿಹೋಗುವುದು. ಬಿದ್ದರೆ ಬಿದ್ದಂತೆ. ಕರ್ಮ ಎಂಬ ಮಾತನ್ನು ನಾವು ಎಷ್ಟೋ ಸಲ ನಿಟ್ಟುಸಿರಿನ ಜೊತೆ ಹಗುರವಾಗಿ ಆಡಿಬಿಡುತ್ತೇವೆ. ಅದರ ಗಟ್ಟಿ ಅರ್ಥ ಇಷ್ಟೇ, ಮಾಡಿದ್ದಕ್ಕೆ ಫಲವಿದೆ, ಫಲ ಬಂದ ಮೇಲೆ ಮಾಡದ ಕ್ಷಣಕ್ಕೆ ಮರಳಲಾಗದು. ಪ್ರಾಯಶ್ಚಿತ್ತ ಉಂಟು, ಮುಂದೆ ನಡೆಯುವ ದಾರಿ ಉಂಟು. ಅಳಿಸುವ ಕೀ ಇಲ್ಲ.

ಈ ಮಾತು ಮನಸ್ಸಿನಲ್ಲಿರುವಾಗಲೇ ಒಂದು ಶನಿವಾರ ಮಗಳನ್ನು ಕರೆದುಕೊಂಡು ಪಾವಗಡಕ್ಕೆ ಹೋದೆ. ಮಿಡಿಗೇಶಿ ದಾಟುವವರೆಗೂ ಅವಳಿಗೆ ಬಸ್ಸಿನಲ್ಲಿ ನಿದ್ದೆ. ಶನಿಮಹಾತ್ಮನ ಗುಡಿಯ ಮುಂದೆ ಎಂದಿನಂತೆ ಸಾಲು, ಎಳ್ಳೆಣ್ಣೆಯ ವಾಸನೆ. ಅಲ್ಲಿಗೆ ಬರುವವರ ಮುಖ ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕಷ್ಟ ಅಳಿಸಿಬಿಡು ಎನ್ನುವುದಕ್ಕಿಂತ ಹೊರುವ ಶಕ್ತಿ ಕೊಡು ಎನ್ನುವವರೇ ಹೆಚ್ಚು. ಸಾಲಿನಲ್ಲಿ ನಿಂತು ಮಗಳಿಗೆ ಶನಿ ಹುಟ್ಟಿದ ಕತೆ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮೈಯೇ ಜುಮ್ಮೆಂದಿತು.

ವಿಶ್ವಕರ್ಮನ ಮಗಳು ಸಂಜ್ಞೆ ಸೂರ್ಯನ ಹೆಂಡತಿ. ಗಂಡನ ಕಾವು ತಾಳಲಾರದೆ ತನ್ನ ನೆರಳಿನಿಂದ ತನ್ನಂತೆಯೇ ಇರುವ ಛಾಯೆಯನ್ನು ಮಾಡಿ ಮನೆಯಲ್ಲಿ ಬಿಟ್ಟು ಹೊರಟುಹೋದಳು. ರೂಪ ಅದೇ, ದನಿ ಅದೇ. ಲೋಕಕ್ಕೆಲ್ಲ ಕಣ್ಣಾದ ಸೂರ್ಯನಿಗೇ ತಿಳಿಯಲಿಲ್ಲ. ಛಾಯೆ ಅವನ ಜೊತೆ ಬಾಳಿ ಮಕ್ಕಳನ್ನು ಹೆತ್ತಳು, ಅವರಲ್ಲಿ ಒಬ್ಬ ಶನಿ. ಗುಟ್ಟು ಹೊರಬಿದ್ದದ್ದು ಎಷ್ಟೋ ದಿನದ ಮೇಲೆ, ಸಂಜ್ಞೆಯ ಮಗ ಯಮನನ್ನು ಛಾಯೆ ಶಪಿಸಿದಾಗ. ಹೆತ್ತ ತಾಯಿ ಮಗನಿಗೆ ಹೀಗೆ ಶಾಪ ಕೊಡಲಾರಳು ಎಂದು ಸೂರ್ಯನಿಗೆ ಗುಮಾನಿ ಬಂತು. ಎಲ್ಲ ಹೋಲಿದ ಪ್ರತಿಬಿಂಬ ಒಂದು ಎಡೆಯಲ್ಲಿ ಸಿಕ್ಕಿಬಿತ್ತು, ವಿಮಾನದ ನೆರಳಿನ ಹಾಗೆ.

"ಹಾಗಾದ್ರೆ ಶನಿ ಡೂಪ್ಲಿಕೇಟಾ ಅಪ್ಪ?"

ಅವಳು ಹುಡುಗಾಟಕ್ಕೆ ಕೇಳಿದ್ದಲ್ಲ. ನಾನೂ ನಿಂತು ಯೋಚಿಸಿದೆ. ಪುರಾಣ ಇಲ್ಲಿ ಎಷ್ಟು ದಿಟ್ಟವಾಗಿದೆ ನೋಡಿ. ಸಂಜ್ಞೆ ಮರಳಿ ಬಂದ ಮೇಲೂ ಛಾಯೆಯ ಮಕ್ಕಳು ಸುಳ್ಳಾಗಲಿಲ್ಲ. ನೆರಳಿನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಒಂಬತ್ತು ಗ್ರಹಗಳಲ್ಲಿ ಸ್ಥಾನ ಕೊಟ್ಟರು. ಅವನನ್ನು ಸ್ತುತಿಸುವಾಗ ಛಾಯೆಯ ಮಗನೆಂದೇ ಕರೆಯುತ್ತಾರೆ, ಮುಚ್ಚಿಡುವುದಿಲ್ಲ. ಕರ್ಮದ ಫಲವನ್ನು ಅಳೆದು ಕೊಡುವ ಕೆಲಸವನ್ನೂ ಅವನಿಗೆ ಕೊಟ್ಟರು. ಪ್ರತಿಬಿಂಬ ನಿಜವೋ ಎಂದು ಅದರ ಹುಟ್ಟು ನೋಡಿ ತೀರ್ಮಾನಿಸಲಿಲ್ಲ. ಅದರಲ್ಲಿ ಫಲ ಹುಟ್ಟಿತೇ, ಆ ಫಲವನ್ನು ಹೊರಬೇಕಾಯಿತೇ ಎಂದು ನೋಡಿದರು. ಹಾಗೆ ನೋಡಿದರೆ ಮಗಳ ಲ್ಯಾಪ್‌ಟಾಪಿನಲ್ಲಿದ್ದ ಛಾಯೆಗೆ ಯಾವ ಕುಂದೂ ಇರಲಿಲ್ಲ. ಹುಟ್ಟಬೇಕಾದ ಫಲವನ್ನು ಹುಟ್ಟುವ ಮುಂಚೆ ತಡೆಯುತ್ತಿದ್ದದ್ದು ಆ ಒಂದು ಕೀ.

"ಅಲ್ಲಮ್ಮ" ಅಂದೆ. "ಅವನು ನಿಜ. ನಿಜ ಅಂತಲೇ ಜನ ಇಷ್ಟು ದೂರ ಬರೋದು."

ಸಾಲು ಮುಂದೆ ಸರಿಯಿತು. ಬೇರೆ ಏನೂ ಬೋಧನೆ ಮಾಡಲಿಲ್ಲ, ಆ ಕೀ ಮುಟ್ಟಬೇಡ ಎಂದೂ ಹೇಳಲಿಲ್ಲ.

ಆ ವಾರ ಒಂದು ರಾತ್ರಿ ಅವಳು ಒಬ್ಬಳೇ ಕೂತು ಕಾಂಟ್ರಾ ಹಾಕಿದಳು, ಡೆಂಡಿಯ ನಡಿಗೆಯಲ್ಲಿ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಜಲಪಾತದಲ್ಲಿ ಎರಡು ಪ್ರಾಣ ಹೋಯಿತು. ಕಂಟಿನ್ಯೂ ತೆಗೆದುಕೊಂಡು ಹತ್ತಿದಳು. ಹಿಮದ ಸ್ಟೇಜಿನ ಅರ್ಧದಲ್ಲಿ ಕೊನೆಯ ಕಂಟಿನ್ಯೂವಿನ ಕೊನೆಯ ಪ್ರಾಣವೂ ಹೋಯಿತು. ಗೇಮ್ ಓವರ್ ಎಂದು ಬಂತು. ಅವಳ ಬೆರಳು ಆ ಕೀ ಮೇಲೆ ಇತ್ತು, ನನಗೆ ಕಾಣುತ್ತಿತ್ತು. ಒತ್ತಲಿಲ್ಲ. ಸ್ವಲ್ಪ ಹೊತ್ತು ಹಾಗೇ ಕೂತು, "ಪಾವಗಡದ ಅಜ್ಜಿ ಮಜ್ಜಿಗೆ ಕೊಟ್ರು ಅಂದಿದ್ಯಲ್ಲ, ಆವತ್ತು ಎಷ್ಟನೇ ಸ್ಟೇಜು?" ಅಂತ ಕೇಳಿದಳು.

"ಆರನೇದು."

"ಇನ್ನೊಂದಿದೆ" ಅಂದು ಮೊದಲಿನಿಂದ ಶುರು ಮಾಡಿದಳು.

ನಾನು ಕೆಳಗಿಳಿದು ಅಂಗಡಿಯ ಬಾಗಿಲು ಹಾಕಲು ಹೋದೆ. ಕೆನೆ ಬಣ್ಣದ ಪೆಟ್ಟಿಗೆ ಟ್ಯೂಬ್ ಟಿವಿಯ ಮುಂದೆ ತೆರೆದೇ ಇತ್ತು, ಕ್ಯಾಸೆಟ್ಟಿನ ಬಾಯಿಗೆ ಧೂಳು ಕೂತಿತ್ತು. ಬಾಯಿಂದ ಊದಿ ಧೂಳು ಹಾರಿಸುವುದು ಎಲ್ಲ ಹುಡುಗರ ರೂಢಿಯಾಗಿತ್ತು, ನಮ್ಮ ಮನೆಯಲ್ಲಿ ಅದಕ್ಕೆ ಅಪ್ಪ ಬಿಟ್ಟವರಲ್ಲ. ದೀಪವನ್ನೇ ಬಾಯಿಂದ ಊದಿ ಆರಿಸಬಾರದು ಅನ್ನುತ್ತಿದ್ದವರು. ಎಂಜಲ ತೇವ ತಾಗಿದರೆ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ ಎಂದು ಕಸುಬು ಕಲಿತ ಮೇಲೆ ನನಗೂ ತಿಳಿಯಿತು. ಸ್ಕೂಲಿನ ರಬ್ಬರ್ ತೆಗೆದು ಅರವತ್ತು ಪಿನ್ನುಗಳನ್ನೂ ಒಂದೊಂದಾಗಿ ಉಜ್ಜಿದೆ. ಬೀರುವಿನಿಂದ ಒಗೆದ ಪಂಚೆಯ ತುಂಡೊಂದನ್ನು ತಂದು ಪೆಟ್ಟಿಗೆಯ ಮೇಲೆ ಹೊದಿಸಿ, ದೀಪ ಆರಿಸಿದೆ. ಮೇಲಿನಿಂದ ಜಲಪಾತದ ಸ್ಟೇಜಿನ ರಾಗ ಕೇಳುತ್ತಿತ್ತು, ನಿಧಾನವಾಗಿ.